ಕಾಲೇಜಿನಲ್ಲಿ ಹೊಸಬರು ಒಂಟಿಯಾಗದಂತೆ ನೋಡಿಕೊಳ್ಳುವುದು ಹೇಗೆ: ಹಾಸನದ ಸೀನಿಯರ್‌ಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಅಡ್ಮಿಷನ್ ಮುಗಿಯುತ್ತಿದ್ದಂತೆ ನಮ್ಮ ಹಾಸನದ ಕಾಲೇಜುಗಳಲ್ಲಿ ಫ್ರೆಶರ್ಸ್ ಡೇ ತಯಾರಿ ಶುರುವಾಗುತ್ತದೆ. ಸ್ಟೇಜು, ಸೌಂಡು, ಹೊಸಬರ ಕೈಗೊಂದು ಗುಲಾಬಿ. ಸಂಜೆ ಡ್ಯಾನ್ಸ್ ರಂಗೇರುವ ಹೊತ್ತಿಗೆ ಹಿಂದಿನ ಸಾಲುಗಳು ಖಾಲಿಯಾಗಿರುತ್ತವೆ. "ಇವಕ್ಕೆ ಇಂಟ್ರೆಸ್ಟೇ ಇಲ್ಲ ಮೇಡಂ" ಅಂತ ಸೀನಿಯರ್‌ಗಳು ದೂರುತ್ತಾರೆ. ಎದ್ದುಹೋದವರಲ್ಲಿ ಬಹಳ ಜನ ಬಸ್ ನಿಲ್ದಾಣದಲ್ಲಿ ನಿಂತಿರುತ್ತಾರೆ.

ನಾನು ಇಲ್ಲಿ ಪದವಿ ತರಗತಿಗಳಿಗೆ ಪಾಠ ಮಾಡುವವಳು. ಯಾರು ಬೆರೆಯುತ್ತಾರೆ, ಯಾರು ಮೂಲೆ ಸೇರುತ್ತಾರೆ ಅನ್ನುವುದನ್ನು ಅವರವರ ಸ್ವಭಾವಕ್ಕಿಂತ ಜಾಸ್ತಿ ನಮ್ಮ ಏರ್ಪಾಡುಗಳೇ ತೀರ್ಮಾನ ಮಾಡುತ್ತವೆ ಅನ್ನುವುದು ನನ್ನ ಅನುಭವ. ಕಾರ್ಯಕ್ರಮ ಎಷ್ಟು ಹೊತ್ತಿಗೆ, ಲ್ಯಾಬ್ ಬ್ಯಾಚ್ ಯಾರು ಮಾಡಿದ್ದು, ಗ್ರೂಪಿನಲ್ಲಿ ಯಾವ ಭಾಷೆ, ಟ್ರಿಪ್ಪಿಗೆ ಎಷ್ಟು ದುಡ್ಡು. ಸ್ವಭಾವ ಬದಲಾಯಿಸುವುದು ಯಾರ ಕೈಯಲ್ಲೂ ಇಲ್ಲ. ಏರ್ಪಾಡು ಬದಲಾಯಿಸುವುದು ಎರಡನೇ ವರ್ಷದ ನಾಲ್ಕೈದು ಹುಡುಗ ಹುಡುಗಿಯರ ಕೈಯಲ್ಲೂ ಇದೆ. ಇದನ್ನು ಅವರಿಗಾಗಿಯೇ ಬರೆದಿದ್ದೇನೆ. ಸಿ.ಆರ್. (ಕ್ಲಾಸ್ ರೆಪ್ರೆಸೆಂಟೇಟಿವ್) ಆಗಿರಬಹುದು, ಎನ್‌ಎಸ್‌ಎಸ್‌ನಲ್ಲಿ (ರಾಷ್ಟ್ರೀಯ ಸೇವಾ ಯೋಜನೆ) ಇರಬಹುದು, ಸುಮ್ನೆ ಕಾಳಜಿ ಇರುವವರೂ ಆಗಿರಬಹುದು. ನಿಮ್ಮ ಜೊತೆಗೆ ಒಬ್ಬರು ಅಧ್ಯಾಪಕರಿದ್ದರೆ ಕೆಲಸ ಸಲೀಸು.

1. ಮೊದಲು ಗುಂಪು ಕಟ್ಟಿ, ಆದರೆ ಗೆಳೆಯರ ಗುಂಪನ್ನೇ ತರಬೇಡಿ

ಐದಾರು ಜನ ಸಾಕು. ಐದೂ ಜನ ಒಂದೇ ಪಿಜಿಯವರಾದರೆ ಪ್ರಯೋಜನವಿಲ್ಲ. ದಿನಾ ಊರಿಂದ ಓಡಾಡುವವರೊಬ್ಬರು, ಸರ್ಕಾರಿ ಹಾಸ್ಟೆಲಿನವರೊಬ್ಬರು, ಕನ್ನಡ ಮಾಧ್ಯಮದಲ್ಲಿ ಓದಿ ಬಂದವರೊಬ್ಬರು ಇರಲೇಬೇಕು. ಹುಡುಗಿಯರು ಅರ್ಧದಷ್ಟಾದರೂ ಇರಲಿ. ಸ್ಟೇಜಿನ ಮೇಲೆ ಚೆನ್ನಾಗಿ ಮಾತಾಡುವವರಿಗಿಂತ, ಯಾರಾದರೂ ಮಾತಾಡುವಾಗ ಫೋನ್ ನೋಡದೆ ಕೂರುವವರನ್ನು ಆರಿಸಿ. ಅಂಥವರು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ಕಣ್ಣಿಗೆ ಬೀಳುವುದು ಮಾತ್ರ ಕಡಿಮೆ.

ಗುಂಪಿಗೆ ಹೆಸರು, ಬ್ಯಾಡ್ಜು ಬೇಡ ಅನ್ನುವುದು ನನ್ನ ಅಭಿಪ್ರಾಯ. ಬ್ಯಾಡ್ಜು ಬಂದ ದಿನದಿಂದ ಅಧಿಕಾರವೂ ಬರುತ್ತದೆ.

2. ಯಾರು ಎಲ್ಲಿಂದ, ಹೇಗೆ ಬರುತ್ತಾರೆ: ಒಂದು ಪಟ್ಟಿ ಮಾಡಿ

ಇಡೀ ಕೆಲಸಕ್ಕೆ ಬುನಾದಿ ಇದೇ. ತರಗತಿ ಶುರುವಾದ ಮೊದಲ ವಾರದಲ್ಲೇ ಮಾಡಿ ಮುಗಿಸಿ. ಒಂದು ನೋಟ್‌ಬುಕ್ ತೆಗೆದುಕೊಂಡು ನಾಲ್ಕೇ ನಾಲ್ಕು ವಿಷಯ ಕೇಳಿ. ಊರು ಯಾವುದು? ಎಷ್ಟು ಹೊತ್ತಿಗೆ ಮನೆ ಬಿಡುತ್ತೀರಿ? ವಾಪಸ್ ಹೋಗಲು ಕೊನೆಯ ಬಸ್ ಎಷ್ಟಕ್ಕೆ? ಕ್ಲಾಸಿನಲ್ಲಿ ಈಗಾಗಲೇ ಪರಿಚಯದವರು ಯಾರಾದರೂ ಇದ್ದಾರಾ?

ಜಾತಿ, ಅಪ್ಪನ ಕೆಲಸ, ಪಿಯುಸಿ ಪರ್ಸೆಂಟೇಜ್ ಕೇಳಬೇಡಿ. ನಮ್ಮ ಕಡೆ "ನೀವು ಏನ್ ಜನ?" "ಯಾವ ಪೈಕಿ?" ಅಂತ ಸುತ್ತಿ ಬಳಸಿ ಕೇಳುವ ಅಭ್ಯಾಸವಿದೆ ಅಲ್ವಾ, ಅದೂ ಬೇಡ. ಅಡ್ಡಹೆಸರು ಕೇಳಿ ಲೆಕ್ಕ ಹಾಕುವುದೂ ಬೇಡ.

ಪಟ್ಟಿ ಕೈಗೆ ಬಂದ ಮೇಲೆ ಕ್ಲಾಸು ಬೇರೆಯೇ ಥರ ಕಾಣುತ್ತದೆ. ಸಕಲೇಶಪುರ, ಬೇಲೂರು ಎರಡೂ ಹಾಸನದಿಂದ ಸುಮಾರು 40 ಕಿಲೋಮೀಟರ್. ಕೇಳಲು ಅಷ್ಟೇ. ಆದರೆ ತೋಟದ ಲೈನ್ ಮನೆಯಿಂದ (ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಮನೆ) ಬರುವ ಹುಡುಗಿ ಮುಖ್ಯರಸ್ತೆಗೆ ನಡೆದು ಬಂದು ಬಸ್ ಹಿಡಿಯಬೇಕು. ಆಲೂರು, ಸಕಲೇಶಪುರ, ಬೇಲೂರಿನ ತೋಟಗಳ ಕಡೆ ಕಾಡಾನೆ ಓಡಾಡುತ್ತಿದೆ ಅಂತ ಮೆಸೇಜ್ ಬಂದ ಬೆಳಿಗ್ಗೆ ಮನೆಯಿಂದ ಹೊರಗೇ ಬಿಡುವುದಿಲ್ಲ. ಮಳೆಗಾಲದಲ್ಲಿ ಇನ್ನೊಂದು ಕಥೆ. ಮಲೆನಾಡಿನ ತಾಲೂಕುಗಳಿಗೆ ಮಾತ್ರ ರಜೆ ಕೊಟ್ಟ ದಿನ ಹಾಸನದಲ್ಲಿ ಕ್ಲಾಸು ನಡೆದಿರುತ್ತದೆ, ಅಟೆಂಡೆನ್ಸೂ ಹೋಗಿರುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಆಗ ಕೆಲವರು ಕಾಣೆಯಾಗುತ್ತಾರೆ. ಮನೆಯವರ ಜೊತೆ ಹಣ್ಣು ಕುಯ್ಯಲು ಹೋಗಿರುತ್ತಾರೆ, ಆ ಕೂಲಿಯಲ್ಲೇ ಮುಂದಿನ ಸೆಮಿಸ್ಟರ್ ಫೀಸು. ಅರಸೀಕೆರೆ ಕಡೆಯವರಿಗೆ ಮಳೆಯ ಕಾಟವಿಲ್ಲ. ರೈಲಿನ ಟೈಮೇ ಅವರ ಟೈಮು.

ಕಾಲೇಜಿನ ಕಣ್ಣಿಗೆ ಇದೆಲ್ಲ ಒಂದೇ: ಆಬ್ಸೆಂಟ್. ಕಾರಣ ಗೊತ್ತಿದ್ದರೆ ನೀವು ಮೂರು ಕೆಲಸ ಮಾಡಬಹುದು. ಒಂದೇ ಮಾರ್ಗದವರನ್ನು ಪರಸ್ಪರ ಪರಿಚಯ ಮಾಡಿಸಿ. ಬಸ್ಸಿನ ಜೊತೆಗಾರರೇ ಬಹಳ ಜನಕ್ಕೆ ಕಾಲೇಜಿನ ಮೊದಲ ಗೆಳೆಯರು. ಬರಲಾಗದ ದಿನದ ನೋಟ್ಸ್ ಫೋಟೋ ಕಳಿಸಲು ಪ್ರತಿ ಮಾರ್ಗಕ್ಕೂ ಒಬ್ಬರನ್ನು ಗೊತ್ತುಮಾಡಿ. ಶೇಕಡ 75ರ ಅಟೆಂಡೆನ್ಸ್ ಮಿತಿಗೆ ಯಾರು ಹತ್ತಿರ ಬರುತ್ತಿದ್ದಾರೆ ಅಂತ ತಿಂಗಳಿಗೊಮ್ಮೆ ನೋಡಿ ಮೆಂಟರ್‌ಗೆ ಮೊದಲೇ ಹೇಳಿ. ಸೆಮಿಸ್ಟರ್ ಕೊನೆಯಲ್ಲಿ ಶಾರ್ಟೇಜ್ ಲಿಸ್ಟ್ ಅಂಟಿಸಿದ ಮೇಲೆ ಹೇಳುವುದಕ್ಕಿಂತ ಸೆಪ್ಟೆಂಬರ್‌ನಲ್ಲಿ ಹೇಳಿದ ಮಾತಿಗೆ ಬೆಲೆ ಜಾಸ್ತಿ.

ಪಾಸಿನ ವಿಷಯವನ್ನೂ ಇದೇ ವಾರ ಮುಗಿಸಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಸಾಮಾನ್ಯ ಬಸ್ ಉಚಿತ, ಗುರುತಿನ ಚೀಟಿ ಜೊತೆಗಿರಬೇಕು. ಹುಡುಗರು ಸರ್ಕಾರದ ಸೇವಾ ಸಿಂಧು ಪೋರ್ಟಲಿನಲ್ಲಿ ಪಾಸಿಗೆ ಅರ್ಜಿ ಹಾಕಬೇಕು. ಮೊದಲ ಸಲ ಹಾಕುವವರು ತಡಕಾಡುತ್ತಾರೆ. ಪಕ್ಕದಲ್ಲಿ ಕೂತು ಹಾಕಿಸಿ.

3. ಪರಿಚಯ ಮಾಡಿಕೊಳ್ಳುವ ರೀತಿ

"ಸ್ಟೇಜಿಗೆ ಬಂದು ಇಂಗ್ಲಿಷಿನಲ್ಲಿ ಇಂಟ್ರೊಡ್ಯೂಸ್ ಮಾಡ್ಕೊ" ಅನ್ನುವುದನ್ನು ಬಿಟ್ಟುಬಿಡಿ. ಕೆಲವರಿಗೆ ಆ ಎರಡು ನಿಮಿಷ ಮೂರು ವರ್ಷ ಮರೆಯುವುದಿಲ್ಲ. ಅದರ ಬದಲು ಇಬ್ಬಿಬ್ಬರನ್ನು ಕೂರಿಸಿ. ಹತ್ತು ನಿಮಿಷ ಮಾತಾಡಲಿ, ಆಮೇಲೆ ಒಬ್ಬರು ಇನ್ನೊಬ್ಬರನ್ನು ಪರಿಚಯಿಸಲಿ. ಯಾವ ಭಾಷೆಯಾದರೂ ಸರಿ. ಜೋಡಿ ಮಾಡುವಾಗ ಒಂದೇ ಊರಿನವರನ್ನು ಬೇರೆ ಮಾಡಿ.

ಇಲ್ಲಿ ರ‍್ಯಾಗಿಂಗ್ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. "ಸುಮ್ನೆ ತಮಾಷೆಗೆ" ಅನ್ನುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರಲ್ಲಿ ಮಾಡಿದ ನಿಯಮಗಳಿಗೆ 2016ರಲ್ಲಿ ಒಂದು ಸೇರ್ಪಡೆ ಆಯಿತು. ಜಾತಿ, ಧರ್ಮ, ಬಣ್ಣ, ಲಿಂಗ, ಭಾಷೆ, ಹುಟ್ಟಿದ ಊರು, ಇರುವ ಜಾಗ, ಮನೆಯ ಹಣಕಾಸಿನ ಸ್ಥಿತಿ, ಇವುಗಳ ನೆಪದಲ್ಲಿ ಹಿಂಸೆ ಕೊಡುವುದು, ಬೈಯುವುದೂ ರ‍್ಯಾಗಿಂಗ್. ಲೈನ್ ಮನೆಯ ಹುಡುಗನಿಗೆ "ಏನೋ ಎಸ್ಟೇಟು" ಅಂತ ದಿನಾ ಕೂಗುವುದು ಇದರೊಳಗೇ ಬರುತ್ತದೆ. ಮಣಿಪುರದಿಂದ ಬಂದವನಿಗೆ ಮುಖ ನೋಡಿ ಹೆಸರಿಡುವುದು, ಬ್ಯಾರಿ ಮನೆಯ ಹುಡುಗಿಯ ಕನ್ನಡವನ್ನು ಅಣಕಿಸುವುದು ಕೂಡ. ದೂರು ಕೊಡಲು ರಾಷ್ಟ್ರೀಯ ಸಹಾಯವಾಣಿ 1800-180-5522 ದಿನದ 24 ಗಂಟೆಯೂ ಇದೆ. ಈ ನಂಬರನ್ನು ಹೊಸಬರಿಗೆ ನೀವೇ ಮೊದಲ ದಿನ ಕೊಡಿ. ಸೀನಿಯರ್ ಕೈಯಿಂದಲೇ ಆ ನಂಬರ್ ಸಿಕ್ಕರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಅಣ್ಣ, ಅಕ್ಕ ಅಂತ ಕರೆಯಲಿ ಅಂತ ನಿರೀಕ್ಷೆ ಇರುವುದು ಸಹಜ. ಕರೆಯದಿದ್ದರೂ ತಲೆ ಕೆಡಿಸಿಕೊಳ್ಳಬೇಡಿ.

4. ಟೈಮ್ ಟೇಬಲ್ ಹಿಡಿದು ಕೂರಿ

ಈಗ ಪಟ್ಟಿಗೆ ವಾಪಸ್ ಬನ್ನಿ. ಎಲ್ಲರ ಕೊನೆಯ ಬಸ್ಸಿನ ಹೊತ್ತನ್ನು ಬರೆದುಕೊಂಡು, ಅದಕ್ಕೂ ಮುಂಚೆ ಕಾಲೇಜಿನಲ್ಲಿ ಯಾವ ಹೊತ್ತು ಖಾಲಿ ಸಿಗುತ್ತದೆ ನೋಡಿ. ಸಾಮಾನ್ಯವಾಗಿ ಸಿಗುವುದು ಊಟದ ಬಿಡುವು, ವಾರಕ್ಕೊಂದು ಲೈಬ್ರರಿ ಪೀರಿಯಡ್, ಶನಿವಾರ ಬೆಳಿಗ್ಗೆ. ನಿಮ್ಮ ಕ್ವಿಜ್, ನಾಟಕದ ತಾಲೀಮು, ಕ್ರೀಡಾ ಸೆಲೆಕ್ಷನ್, ಕ್ಲಬ್ ಮೀಟಿಂಗುಗಳಲ್ಲಿ ಅರ್ಧದಷ್ಟನ್ನಾದರೂ ಅಲ್ಲಿಗೆ ತನ್ನಿ.

ಇದಕ್ಕೆ ವಿರೋಧ ಬರುತ್ತದೆ. "ಊಟದ ಟೈಮಲ್ಲಿ ಯಾರು ಬರ್ತಾರೆ?" ಅಂತ ಕೇಳುತ್ತಾರೆ. ಹಾಗೆ ಕೇಳುವವರು ಸಾಮಾನ್ಯವಾಗಿ ಸಾಲಗಾಮೆ ರಸ್ತೆಯಲ್ಲೋ ಕೆ.ಆರ್. ಪುರಂನಲ್ಲೋ ರೂಮು ಮಾಡಿಕೊಂಡಿರುವವರು. ಸಂಜೆ ಆರರವರೆಗೂ ಇರಬಲ್ಲವರು. ಒಂದು ತಿಂಗಳು ಪ್ರಯೋಗ ಮಾಡೋಣ ಅನ್ನಿ. ತಾಲೀಮಿಗೆ ಬರುವ ಮುಖಗಳೇ ಬದಲಾಗುತ್ತವೆ.

ಎನ್‌ಎಸ್‌ಎಸ್ ವಿಷಯದಲ್ಲೂ ಇದೇ ಮಾತು. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ 7 ದಿನದ ವಿಶೇಷ ಶಿಬಿರ. ನನ್ನನ್ನು ಕೇಳಿದರೆ, ಕಾಲೇಜಿನಲ್ಲಿ ಜನ ನಿಜವಾಗಿ ಒಬ್ಬರಿಗೊಬ್ಬರು ಹತ್ತಿರವಾಗುವುದು ಆ ಏಳು ದಿನದಲ್ಲಿ. ಒಟ್ಟಿಗೆ ಸೌದೆ ಒಡೆದು, ಒಟ್ಟಿಗೆ ಪಾತ್ರೆ ತೊಳೆದು, ಶಾಲೆಯ ಜಗಲಿಯಲ್ಲಿ ಮಲಗಿದವರು ಆಮೇಲೆ ಬೇರೆ ಬೇರೆ ಬೆಂಚಿನಲ್ಲಿ ಕೂರುವುದಿಲ್ಲ. ಆದರೆ ಹೆಣ್ಣುಮಕ್ಕಳನ್ನು ಶಿಬಿರಕ್ಕೆ ಕಳಿಸಲು ಮನೆಯಲ್ಲಿ ಹಿಂದೇಟು ಹಾಕುತ್ತಾರೆ. ಅಧ್ಯಾಪಕಿಯೊಬ್ಬರಿಂದ ಮನೆಗೆ ಫೋನ್ ಮಾಡಿಸಿ. ಎಲ್ಲಿ ಮಲಗುತ್ತಾರೆ, ಯಾರು ಜೊತೆಗಿರುತ್ತಾರೆ, ಯಾವ ನಂಬರಿಗೆ ಫೋನ್ ಮಾಡಬೇಕು, ಇಷ್ಟು ಗೊತ್ತಾದರೆ ಬಹಳ ಅಪ್ಪ ಅಮ್ಮಂದಿರು ಒಪ್ಪುತ್ತಾರೆ.

5. ಭಾಷೆಯ ಗೋಡೆ

ಪಿಯುಸಿವರೆಗೆ ಕನ್ನಡದಲ್ಲಿ ಓದಿ ಬಿಎಸ್‌ಸಿಗೋ ಬಿಸಿಎಗೋ ಬಂದವರು ಮೊದಲ ತಿಂಗಳು ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ. ವಿಷಯ ಗೊತ್ತಿರುತ್ತದೆ, ಮಾತು ಹೊರಡುವುದಿಲ್ಲ. ಕ್ರಮೇಣ ಅವರು ದಡ್ಡರು ಅಂತ ಎಲ್ಲರೂ ನಂಬುತ್ತಾರೆ, ಕೊನೆಗೆ ಅವರೂ ನಂಬುತ್ತಾರೆ. ಮೊದಲ ಇಂಟರ್ನಲ್ಸ್ ಬರುವ ಮುಂಚೆಯೇ ಇದಕ್ಕೆ ಏನಾದರೂ ಮಾಡಬೇಕು.

ಮಾಡಬೇಕಾದ್ದು ಹೀಗೆ. ಪ್ರತಿ ವಿಷಯಕ್ಕೂ ಪದಗಳ ಪಟ್ಟಿ ಮಾಡಿ, ಒಂದು ಯೂನಿಟ್‌ಗೆ ಮೂವತ್ತು ನಲವತ್ತು ಪದ ಸಾಕು. ಇಂಗ್ಲಿಷ್ ಪದ, ಅದರ ಉಚ್ಚಾರಣೆ ಕನ್ನಡ ಲಿಪಿಯಲ್ಲಿ, ಹೈಸ್ಕೂಲಿನಲ್ಲಿ ಓದಿದ ಕನ್ನಡ ಪದ, ಒಂದು ಸಾಲಿನ ಅರ್ಥ. ದ್ಯುತಿಸಂಶ್ಲೇಷಣೆ ಅಂದರೆ ಕಣ್ಣರಳಿಸುವ ಹುಡುಗ ಫೋಟೋಸಿಂಥೆಸಿಸ್ ಅಂದಾಗ ತಲೆ ತಗ್ಗಿಸಬೇಕಾಗಿಲ್ಲ. ಕನ್ನಡ ಮಾಧ್ಯಮದಿಂದ ಬಂದು ಚೆನ್ನಾಗಿ ಪಾಸಾದ ಸೀನಿಯರ್ ಒಬ್ಬರು ಈ ಪಟ್ಟಿ ಮಾಡಿದರೆ ಇನ್ನೂ ಒಳ್ಳೆಯದು. ಎಲ್ಲಿ ಎಡವುತ್ತಾರೆ ಅಂತ ಅವರಿಗೆ ಗೊತ್ತು.

ಲ್ಯಾಬ್ ಬ್ಯಾಚುಗಳನ್ನು ಬೆರೆಸಲು ಅಧ್ಯಾಪಕರನ್ನು ಕೇಳಿಕೊಳ್ಳಿ. ಬರಿ ಬೆರೆಸಿದರೆ ಸಾಲದು. ಇಂಗ್ಲಿಷ್ ಬರುವವನು ಪ್ರಯೋಗ ಮಾಡುತ್ತಾನೆ, ಉಳಿದವರು ರೀಡಿಂಗ್ ಬರೆಯುತ್ತಾರೆ. ಪ್ರತಿ ವಾರ ಕೆಲಸ ಅದಲು ಬದಲಾಗಲಿ ಅನ್ನುವ ನಿಯಮ ಇರಲಿ.

ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಮುಖ್ಯ ಸೂಚನೆಗಳನ್ನು ಎರಡೂ ಭಾಷೆಯಲ್ಲಿ ಹಾಕಿ. ಫೀಸಿನ ಕೊನೆ ದಿನಾಂಕ, ಪರೀಕ್ಷೆ ಅರ್ಜಿ, ಸ್ಕಾಲರ್‌ಶಿಪ್, ಇವು ಅರ್ಥವಾಗದೆ ತಪ್ಪಿಹೋಗಬಾರದು. ಟೈಪ್ ಮಾಡಲು ಬೇಜಾರಾದರೆ ಕನ್ನಡದಲ್ಲಿ ವಾಯ್ಸ್ ಮೆಸೇಜ್ ಹಾಕಿ.

ಗೋಡೆಯ ಆಚೆ ಬದಿಯಲ್ಲೂ ಜನ ಇದ್ದಾರೆ. ಇಂಜಿನಿಯರಿಂಗ್, ಮೆಡಿಕಲ್, ವೆಟರ್ನರಿ ಕಾಲೇಜುಗಳಿಗೆ ಬೇರೆ ರಾಜ್ಯದವರು ಬರುತ್ತಾರೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಕನ್ನಡ ಬಾರದವರಿಗೆ ಬಳಕೆ ಕನ್ನಡ ಅನ್ನುವ ವಿಷಯವೇ ಇದೆ. ಅದನ್ನು ಪರೀಕ್ಷೆಗೆ ಓದುತ್ತಾರೆ, ಮೆಸ್‌ನಲ್ಲಿ ಮಾತಾಡಲು ಹೆದರುತ್ತಾರೆ. ವಾರಕ್ಕೊಂದು ದಿನ ಹೊರಗೆ ಕರೆದುಕೊಂಡು ಹೋಗಿ. ಆಟೋದವರ ಜೊತೆ ಬಾಡಿಗೆ ಮಾತಾಡಲಿ, ಹೋಟೆಲಿನಲ್ಲಿ ತಾವೇ ಆರ್ಡರ್ ಮಾಡಲಿ. ತಪ್ಪಾದರೆ ನಗಬೇಡಿ. ನಕ್ಕರೂ ಅವರು ನಕ್ಕ ಮೇಲೆ ನಗಿ.

6. ದುಡ್ಡಿನ ವಿಷಯ

ಬಹಳ ಜನ ಹೊರಗುಳಿಯುವುದು ಇಲ್ಲೇ, ಬಾಯಿ ಬಿಟ್ಟು ಹೇಳುವವರು ಮಾತ್ರ ಯಾರೂ ಇಲ್ಲ. ಎಥ್ನಿಕ್ ಡೇಗೆ ಬಾಡಿಗೆ ಸೀರೆ, ಡಿಪಾರ್ಟ್‌ಮೆಂಟ್ ಟೀ ಶರ್ಟ್, ಬರ್ತ್‌ಡೇ ಕೇಕಿಗೆ ಎತ್ತುವ ದುಡ್ಡು, ಟ್ರಿಪ್ಪು. ಒಂದೊಂದೂ ಸಣ್ಣದು. ಎಲ್ಲ ಸೇರಿದರೆ ಮನೆಯಲ್ಲಿ ಕೇಳಲಾಗದಷ್ಟು. ಆ ದಿನ ಅವರಿಗೆ "ಹುಷಾರಿರಲಿಲ್ಲ."

ಮೊದಲ ನಿಯಮ: ಯಾರು ಕೊಟ್ಟರು, ಯಾರು ಕೊಡಲಿಲ್ಲ ಅನ್ನುವ ಪಟ್ಟಿ ಗ್ರೂಪಿನಲ್ಲಿ ಬರಬಾರದು. ಒಬ್ಬರೇ ಲೆಕ್ಕ ಇಟ್ಟುಕೊಳ್ಳಲಿ, ಬಾಯಿ ಬಿಗಿಹಿಡಿಯುವವರಾಗಿರಲಿ. ಎರಡನೆಯದು: ವರ್ಷದ ಖರ್ಚುಗಳನ್ನು ಮೊದಲೇ ಸೇರಿಸಿ ಒಂದು ಮಿತಿ ಹಾಕಿಕೊಳ್ಳಿ. ಟ್ರಿಪ್ಪಿಗೆ ಗೋವಾ ಬೇಡ. ಹಳೇಬೀಡು, ಬೇಲೂರು, ಶ್ರವಣಬೆಳಗೊಳ ನಮ್ಮ ಜಿಲ್ಲೆಯಲ್ಲೇ ಇವೆ, ಬುತ್ತಿ ಕಟ್ಟಿಕೊಂಡು ಸರ್ಕಾರಿ ಬಸ್ಸಿನಲ್ಲಿ ಹೋಗಿಬರಬಹುದು. ಇಲ್ಲೇ ಹುಟ್ಟಿ ಬೆಳೆದವರಲ್ಲೂ ಅವನ್ನು ಸರಿಯಾಗಿ ನೋಡದವರು ಬಹಳ ಜನ.

ಸ್ಕಾಲರ್‌ಶಿಪ್ಪಿಗೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಬೇಕು. ದುಡ್ಡು ಬಾರದಿದ್ದರೆ ಮೊದಲು ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಬ್ಯಾಂಕಿನಲ್ಲಿ ಕೇಳಿಸಿ. ಸಮಸ್ಯೆ ಅಲ್ಲೇ ಇರುವುದು ಜಾಸ್ತಿ. ಹಿಂದುಳಿದ ವರ್ಗದವರಿಗೆ ಬಿಸಿಎಂ ಹಾಸ್ಟೆಲಿನಲ್ಲಿ ಸೀಟು ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ಊಟ ವಸತಿಗೆ ತಿಂಗಳ ಲೆಕ್ಕದಲ್ಲಿ ನೆರವಿದೆ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳು ಬೇರೆ ಇವೆ. ಲ್ಯಾಪ್‌ಟಾಪ್ ಇರುವವರೊಬ್ಬರು ಮೂರ್ನಾಲ್ಕು ಮಧ್ಯಾಹ್ನ ಲೈಬ್ರರಿಯಲ್ಲಿ ಕೂತರೆ ಇಡೀ ಕ್ಲಾಸಿನ ಅರ್ಜಿ ಮುಗಿಯುತ್ತದೆ. ಸೈಬರ್ ಸೆಂಟರಿಗೆ ಕೊಡುವ ದುಡ್ಡೂ ಉಳಿಯುತ್ತದೆ.

7. ಜಾತಿ, ಧರ್ಮ, ಊಟ

ಎಲ್ಲರೂ ಒಂದೇ ಅಂತ ಭಾಷಣ ಮಾಡುವುದು ಸುಲಭ. ಅದರ ಬದಲು ಮೂರು ಜಾಗ ನೋಡಿ.

ನೋಟಿಸ್ ಬೋರ್ಡ್. ಎಸ್‌ಸಿ, ಎಸ್‌ಟಿ ಸ್ಕಾಲರ್‌ಶಿಪ್ ಪಟ್ಟಿಯನ್ನು ಹೆಸರು, ವರ್ಗ ಸಮೇತ ಅಂಟಿಸುವುದು, ಕ್ಲಾಸಿನಲ್ಲಿ "ಎಸ್‌ಸಿ, ಎಸ್‌ಟಿಯವರು ಎದ್ದು ನಿಲ್ಲಿ" ಅನ್ನುವುದು. ಯಾರೂ ಬೇಕಂತ ಮಾಡುವುದಿಲ್ಲ, ರೂಢಿಯಿಂದ ನಡೆದುಹೋಗುತ್ತದೆ. ರೋಲ್ ನಂಬರ್ ಹಾಕಿ, ಇಲ್ಲವೇ ಅವರವರ ಫೋನಿಗೇ ಮೆಸೇಜ್ ಕಳಿಸಿ ಅಂತ ಆಫೀಸಿನಲ್ಲಿ ವಿನಂತಿಸಿ. ಒಂದು ಪತ್ರದ ಕೆಲಸ. ಈ ಬರಹದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ ಅನ್ನುತ್ತೇನೆ.

ಊಟದ ಜಾಗ. ಡಬ್ಬಿ ತರುವವರು ಯಾರ ಜೊತೆ ಯಾರು ಕೂರುತ್ತಾರೆ ಅಂತ ಎರಡು ದಿನ ಸುಮ್ನೆ ಗಮನಿಸಿ. ಬಲವಂತವಾಗಿ ಬೆರೆಸಲು ಹೋಗಬೇಡಿ, ನೀವು ಹೋಗಿ ಕೂರಿ. ಮುದ್ದೆ ಸಾರು ತಂದವರ ಪಕ್ಕ ಒಂದು ದಿನ, ಮೀನು ತಂದವರ ಪಕ್ಕ ಇನ್ನೊಂದು ದಿನ. ತಿನ್ನದಿದ್ದರೆ ತಿನ್ನಬೇಡಿ. ಮೂಗು ಮುಚ್ಚಿಕೊಂಡರೆ ಮಾತ್ರ ನಿಮ್ಮ ಉಳಿದ ಕೆಲಸವೆಲ್ಲ ನೀರುಪಾಲು.

ರೂಮು. ಹೆಸರು ಕೇಳಿದ ಮೇಲೆ "ರೂಮು ಖಾಲಿ ಇಲ್ಲ" ಅನ್ನುವ ಮನೆಗಳು ಎಲ್ಲ ಊರಲ್ಲೂ ಇವೆ. ಹೊಸಬರನ್ನು ಒಬ್ಬರೇ ಹುಡುಕಲು ಬಿಡಬೇಡಿ. ಯಾವ ತಕರಾರೂ ಇಲ್ಲದೆ ರೂಮು ಕೊಡುವ ಮನೆ, ಪಿಜಿಗಳ ಪಟ್ಟಿಯನ್ನು ವರ್ಷದಿಂದ ವರ್ಷಕ್ಕೆ ದಾಟಿಸಿ.

8. ಕಟ್ಟಡ, ಶೌಚಾಲಯ, ಪರೀಕ್ಷೆ

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ 21 ಬಗೆಯ ನ್ಯೂನತೆಗಳಿವೆ. ಕಲಿಕೆಯ ತೊಂದರೆ, ಕಡಿಮೆ ದೃಷ್ಟಿ, ತಲಸ್ಸೇಮಿಯಾ ಎಲ್ಲ ಅದರಲ್ಲಿವೆ, ಬರಿ ಗಾಲಿಕುರ್ಚಿ ಅಂದುಕೊಳ್ಳಬೇಡಿ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಗುರುತಿಸಿದ ನ್ಯೂನತೆ ಇರುವವರಿಗೆ ಶೇಕಡ 5ಕ್ಕೆ ಕಡಿಮೆ ಇಲ್ಲದಂತೆ ಸೀಟು ಮೀಸಲು. ಬರೆಯಲು ಕಷ್ಟವಿರುವವರಿಗೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷದ ಲೆಕ್ಕದಲ್ಲಿ ಹೆಚ್ಚುವರಿ ಸಮಯ, ಬರೆಯುವ ಸಹಾಯಕರು ಸಿಗುತ್ತಾರೆ. ಇದಕ್ಕೆ ಪರೀಕ್ಷೆಗೆ ಸಾಕಷ್ಟು ಮುಂಚೆಯೇ ಅರ್ಜಿ ಕೊಡಬೇಕು, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದ್ದರೆ ಸಲೀಸು. ಮೆಟ್ಟಿಲು ಹತ್ತಲಾಗದವರಿದ್ದರೆ ಆ ತರಗತಿಯನ್ನೇ ಕೆಳಗಿನ ಮಹಡಿಗೆ ಹಾಕಿಸಿ. ನಾಲ್ಕು ಜನ ಎತ್ತಿಕೊಂಡು ಹೋಗಿ ಫೋಟೋ ತೆಗೆಸಿಕೊಳ್ಳುವುದು ಬೇಡ.

ಹುಡುಗಿಯರು ಬೆಳಿಗ್ಗೆಯಿಂದ ನೀರು ಕುಡಿಯದೆ ಇರುತ್ತಾರೆ, ಶೌಚಾಲಯ ಸರಿ ಇಲ್ಲ ಅಂತ. ಬಾಗಿಲಿಗೆ ಚಿಲಕ, ನೀರು, ಪ್ಯಾಡ್ ಹಾಕಲು ಮುಚ್ಚಳದ ಬುಟ್ಟಿ. ತಿಂಗಳಿಗೊಮ್ಮೆ ಈ ಮೂರನ್ನು ಇಬ್ಬರು ಹುಡುಗಿಯರು ನೋಡಿ ಪ್ರಾಂಶುಪಾಲರಿಗೆ ಬರೆದು ಕೊಡಲಿ.

9. ಯಾರಾದರೂ ಕುಗ್ಗಿದ್ದಾರೆ ಅನಿಸಿದರೆ

ಇದನ್ನು ನಿಧಾನವಾಗಿ ಓದಿ.

ಮೊದಲು ಕಾಣುವುದು ಬದಲಾವಣೆ. ನಗುತ್ತಿದ್ದವನು ಗ್ರೂಪ್ ಬಿಡುತ್ತಾನೆ. ಡಬ್ಬಿ ತೆರೆಯದೆ ವಾಪಸ್ ಹೋಗುತ್ತದೆ. ಸ್ನಾನ, ಬಟ್ಟೆಯ ಕಡೆ ಗಮನವಿಲ್ಲ. ಹಾಸ್ಟೆಲಿನಲ್ಲಿ ರಾತ್ರಿಯಿಡೀ ಎಚ್ಚರ. ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, "ನಾನಿಲ್ಲದಿದ್ರೆ ಎಲ್ರಿಗೂ ಆರಾಮ" ಅನ್ನುವಂಥ ಮಾತು ಬಂದರೆ ತಡ ಮಾಡಬೇಡಿ. ರಿಸಲ್ಟ್ ಬಂದ ವಾರ, ಬ್ಯಾಕ್‌ಲಾಗ್ ಉಳಿದಾಗ, ಪ್ರೀತಿ ಮುರಿದಾಗ, ಮನೆಯಲ್ಲಿ ಸಾಲದ ಗಲಾಟೆಯಾದಾಗ ಹೆಚ್ಚು ಗಮನ ಬೇಕು.

ಒಬ್ಬರೇ ಇರುವಾಗ ಮಾತಾಡಿಸಿ. ಮಹಾರಾಜ ಪಾರ್ಕಿನ ಬೆಂಚು, ಕ್ಯಾಂಟೀನಿನ ಹಿಂದಿನ ಕಟ್ಟೆ, ಬಸ್ಸಿನ ಪಕ್ಕದ ಸೀಟು, ಎಲ್ಲಿಯಾದರೂ ಸರಿ. ಎದುರು ಬದುರು ಕೂತು ವಿಚಾರಣೆ ಮಾಡುವುದಕ್ಕಿಂತ ಜೊತೆಯಲ್ಲಿ ನಡೆಯುತ್ತಾ ಮಾತಾಡುವುದು ಹಗುರ. "ಏನಾಯ್ತು ನಿಂಗೆ?" ಅಂತ ಕೇಳಿದರೆ "ಏನಿಲ್ಲ" ಅಂತ ಬರುತ್ತದೆ. ಕಂಡದ್ದನ್ನು ಹೇಳಿ: "ಎರಡು ವಾರದಿಂದ ನೀನು ಊಟಕ್ಕೆ ಬರ್ತಿಲ್ಲ. ನನಗೆ ಯೋಚನೆ ಆಗ್ತಿದೆ." ಹೇಳಿ ಸುಮ್ಮನಿರಿ. ಆ ಮೌನ ಕಷ್ಟ, ಆದರೂ ಇರಿ.

ಹೇಳಬಾರದ ಮಾತುಗಳೂ ಇವೆ. "ಇಷ್ಟಕ್ಕೆಲ್ಲ ಯಾಕೆ ಅಳ್ತೀಯ", "ನಿನಗಿಂತ ಕಷ್ಟದಲ್ಲಿರೋರು ಎಷ್ಟು ಜನ", "ದೇವಸ್ಥಾನಕ್ಕೆ ಹೋಗಿ ಬಾ ಸರಿಹೋಗುತ್ತೆ", "ಅಪ್ಪ ಅಮ್ಮನ ಮುಖ ನೋಡು". ಹೇಳುವವರ ಮನಸ್ಸು ಒಳ್ಳೆಯದೇ. ಕೇಳುವವರಿಗೆ ಬಾಗಿಲು ಮುಚ್ಚಿದ ಹಾಗೆ.

ಸಾಯುವ ಯೋಚನೆ ಇದೆ ಅನಿಸಿದರೆ ನೇರವಾಗಿ ಕೇಳಿ: "ಸಾಯಬೇಕು ಅಂತ ಅನಿಸ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಕೇಳಿಸಿಕೊಂಡವರಿಗೆ ಎಷ್ಟೋ ಸಲ ಹಗುರವಾಗುತ್ತದೆ. ಹೌದು ಅಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ. ಅಪಾಯ ಮಾಡಿಕೊಳ್ಳಬಹುದಾದ ವಸ್ತುಗಳಿಂದ ದೂರ ಇರಿಸಿ. ಟೆಲಿ ಮಾನಸ್ 14416ಕ್ಕೆ ಅಲ್ಲೇ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ ಇದು. ಉಚಿತ, ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು. ತಕ್ಷಣದ ಅಪಾಯವಿದ್ದರೆ 112. ಹಾಸನದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ನಾವು ಹಿಮ್ಸ್ ಅನ್ನುವ ದೊಡ್ಡಾಸ್ಪತ್ರೆಯಲ್ಲಿ, ಮನೋವೈದ್ಯ ವಿಭಾಗವಿದೆ. ಒಪಿಡಿ ಚೀಟಿ ಮಾಡಿಸಿ, ಜೊತೆಗೆ ಹೋಗಿ, ಕಾಯುವಾಗಲೂ ಪಕ್ಕದಲ್ಲಿ ಕೂರಿ. ತಾಲೂಕಿನವರು ತಮ್ಮ ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ಯಾವುದು ಅಂತ ವಿಚಾರಿಸಲಿ.

"ಯಾರಿಗೂ ಹೇಳಲ್ಲ" ಅಂತ ಆಣೆ ಮಾಡಬೇಡಿ. "ನಿನ್ನ ಜೀವಕ್ಕೆ ತೊಂದರೆ ಅನಿಸಿದರೆ ಒಬ್ಬರಿಗೆ ಹೇಳಲೇಬೇಕಾಗುತ್ತೆ, ಯಾರಿಗೆ ಹೇಳೋಣ ಅಂತ ಇಬ್ಬರೂ ಸೇರಿ ಯೋಚಿಸೋಣ" ಅನ್ನಿ. ಆಮೇಲೆ ನಂಬಿಕೆಯ ಅಧ್ಯಾಪಕರಿಗೆ ತಿಳಿಸಿ. ನೀವು ಡಾಕ್ಟರಲ್ಲ. ರಾತ್ರಿ ಎರಡರವರೆಗೆ ಅವರ ಫೋನ್ ಎತ್ತುತ್ತಾ ನೀವೇ ಕುಗ್ಗಿಹೋದರೆ ಇಬ್ಬರಿಗೂ ಕಷ್ಟ. ಸರದಿ ಮಾಡಿಕೊಳ್ಳಿ.

10. ದೂರು ಕೊಡಬೇಕಾಗಿ ಬಂದಾಗ

ಯಾವ ದೂರು ಎಲ್ಲಿಗೆ ಅನ್ನುವುದು ಗೊತ್ತಿಲ್ಲದೆ ಜನ ಸುಮ್ಮನಾಗುತ್ತಾರೆ. ಫೀಸು, ಮಾರ್ಕ್ಸು, ದಾಖಲೆ ಹಿಡಿದಿಟ್ಟುಕೊಳ್ಳುವುದು, ತಾರತಮ್ಯ, ಇಂಥವಕ್ಕೆ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ. ಯುಜಿಸಿಯ 2023ರ ನಿಯಮದ ಪ್ರಕಾರ ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಲೈಂಗಿಕ ಕಿರುಕುಳಕ್ಕೆ ಆಂತರಿಕ ಸಮಿತಿ. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಬರೆಯಲು ಆಗದಿದ್ದರೆ ಸಮಿತಿಯೇ ನೆರವಾಗಬೇಕು. ಜಾತಿ ನಿಂದನೆಗೆ ಕಾಲೇಜಿನ ಎಸ್‌ಸಿ, ಎಸ್‌ಟಿ ಘಟಕ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಪೊಲೀಸ್ ಠಾಣೆಯ ದಾರಿಯೂ ಇದೆ.

ಯಾವುದೇ ದೂರಾದರೂ ಎರಡು ಪ್ರತಿ ಮಾಡಿ. ದಿನಾಂಕ, ಹೊತ್ತು, ಜಾಗ, ಹೇಳಿದ ಮಾತು ಯಥಾವತ್ತು, ನೋಡಿದವರ ಹೆಸರು. ಒಂದು ಪ್ರತಿಯ ಮೇಲೆ ಸೀಲು ಹಾಕಿಸಿ ಸ್ವೀಕೃತಿ ತೆಗೆದುಕೊಳ್ಳಿ. ಸ್ಕ್ರೀನ್‌ಶಾಟ್ ಅಳಿಸಬೇಡಿ, ಗ್ರೂಪಿನಲ್ಲಿ ಹರಡಲೂ ಬೇಡಿ. ದೂರು ಕೊಡಬೇಕೋ ಬೇಡವೋ ಅನ್ನುವುದು ನೊಂದವರ ತೀರ್ಮಾನ. ನಿಮ್ಮ ಸಿಟ್ಟಿಗೆ ಅವರನ್ನು ಮುಂದೆ ತಳ್ಳಬೇಡಿ.

11. ದಾಟಿಸುವುದು

2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ. ನೀವು ಸೀನಿಯರ್ ಆಗಿರುವುದು ಎರಡೇ ವರ್ಷ. ಎರಡನೇ ಸೆಮಿಸ್ಟರಿನಲ್ಲೇ ಹೊಸಬರಲ್ಲಿ ಇಬ್ಬರನ್ನು ಗುಂಪಿಗೆ ಸೇರಿಸಿಕೊಳ್ಳಿ. ಮೊದಲ ತಿಂಗಳು ತೀರಾ ಕಷ್ಟಪಟ್ಟವರೇ ಆದರೆ ಒಳ್ಳೆಯದು. ಯಾವ ಏರ್ಪಾಡು ಎಲ್ಲಿ ಕೈಕೊಟ್ಟಿತು ಅಂತ ಅವರು ಹೇಳುತ್ತಾರೆ.

ಮುಂದಿನವರಿಗೆ ಕೊಡಬೇಕಾದ್ದು ಬಸ್ ಮಾರ್ಗಗಳ ಪಟ್ಟಿ, ಪದಗಳ ಪಟ್ಟಿ, ರೂಮುಗಳ ಪಟ್ಟಿ, ಸಹಾಯವಾಣಿ ನಂಬರುಗಳು, ಯಾವ ಅಧ್ಯಾಪಕರು ಇಂಥ ವಿಷಯಕ್ಕೆ ಕಿವಿಗೊಡುತ್ತಾರೆ ಅನ್ನುವ ಮಾಹಿತಿ. ಕೊಡಬಾರದ್ದು ಯಾರ ಮನೆಯ ಕಷ್ಟ ಏನು, ಯಾರು ಆಸ್ಪತ್ರೆಗೆ ಹೋಗಿದ್ದರು ಅನ್ನುವುದು. ಅಂಥದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದೇ ಇರಬಾರದು. ಬರೆದಿದ್ದರೆ ಆ ಹಾಳೆ ಹರಿದುಹಾಕಿ, ಆಮೇಲೆ ಕೊಡಿ.